ಉತ್ತರ ಬರುವ ಮೊದಲೇ ಆಫ್ ಆದ ರಿಪೀಟರ್

"ರೀ... ಯಾರ್ರೀ ಅಲ್ಲಿ? ಆ ಪೆಟ್ಟಿಗೆ ನಿಮ್ಮದಾ?"

ಆರು ಮಹಡಿ ಮೆಟ್ಟಿಲು ಹತ್ತಿ ಛಾವಣಿಗೆ ಬಂದವನ ಮುಖ ಕೆಂಪಾಗಿತ್ತು. ಕೈಯಲ್ಲಿ ಟೆಸ್ಟರ್, ಕೆನ್ನೆಯ ಮೇಲೆ ಗ್ರೀಸು. ಲಿಫ್ಟ್ ಮೆಕ್ಯಾನಿಕ್ ಆದವನೇ ಮೆಟ್ಟಿಲು ಹತ್ತಬೇಕಾಗಿ ಬಂದರೆ ಕೋಪ ಬರದೆ ಇರುತ್ತದೆಯೇ?

ಮೂಲೆಯಲ್ಲಿ ಮಂಡಿಯೂರಿ ಕುಳಿತಿದ್ದ ಅವಳು ತಲೆ ಎತ್ತಿದಳು. "ಹೌದು, ನನ್ನದೇ. ಲೈಸೆನ್ಸ್ ಇದೆ. ತೋರಿಸ್ಲಾ?"

"ಲೈಸೆನ್ಸ್ ತಗೊಂಡು ನಾನೇನ್ರೀ ಮಾಡ್ಲಿ? ಈ ಪೆಟ್ಟಿಗೇಲಿ ಯಾರಾದ್ರೂ ಮಾತಾಡಿದಾಗೆಲ್ಲ ನನ್ನ ಲಿಫ್ಟು ಮೂರನೇ ಮಹಡೀಲಿ ಬಾಯಿ ಬಿಡುತ್ತೆ! ಹದಿನೈದು ದಿನದಿಂದ ತಲೆ ಕೆಟ್ಟುಹೋಗಿದೆ ನಂಗೆ."

"ಸುಳ್ಳು!"

"ಸುಳ್ಳಾ? ಎಲ್ಲಿ, ಒಂದು ಸಲ ಮಾತಾಡಿ ನೋಡೋಣ."

ಅವಳು ಕೈಯಲ್ಲಿದ್ದ ರೇಡಿಯೋದ ಗುಂಡಿ ಒತ್ತಿ "ಟೆಸ್ಟಿಂಗ್" ಎಂದಳು, ಅಷ್ಟೇ. ಕೆಳಗೆಲ್ಲೋ ಲಿಫ್ಟ್ ಬಾಗಿಲು ತೆರೆದ ಸದ್ದಾಯಿತು. ಹಿಂದೆಯೇ ಒಬ್ಬ ಅಜ್ಜಿಯ ಕೂಗು. "ಅಯ್ಯೋ, ಮತ್ತೆ ಬಾಗಿಲು ತೆಕ್ಕೊಂಡಿತಲ್ಲಪ್ಪಾ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಕೋಪ ಉಳಿಸಿಕೊಳ್ಳಲು ಬಹಳ ಪ್ರಯತ್ನಪಟ್ಟ, ಪಾಪ. ಆಗಲಿಲ್ಲ.

ಹೀಗೆ ಶುರುವಾಯಿತು.

ಅವಳಿಗೆ ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಕೆಲಸ. ಉಳಿದ ಹೊತ್ತಿನಲ್ಲಿ ರೇಡಿಯೋ ಹುಚ್ಚು. ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೋದ ಮಾತು ನಾಲ್ಕು ಬೀದಿ ದಾಟುವಷ್ಟರಲ್ಲಿ ಸುಸ್ತಾಗಿಬಿಡುತ್ತದೆ. ಎತ್ತರದಲ್ಲಿ ಒಂದು ರಿಪೀಟರ್ ಇಟ್ಟರೆ ಅದು ಆ ಸಣ್ಣ ದನಿಯನ್ನು ಹಿಡಿದು, ಅದೇ ಗಳಿಗೆಯಲ್ಲಿ ಜೋರಾಗಿ ಊರಿಗೆಲ್ಲ ಹೇಳುತ್ತದೆ. ಆ ಪೆಟ್ಟಿಗೆಯನ್ನು ಅವಳು ಎರಡು ವರ್ಷ ಕೂತು ಕೈಯಾರೆ ಕಟ್ಟಿದ್ದಳು. ಅವಳಿದ್ದ ಅಣ್ಣ ಅತ್ತಿಗೆಯ ಮನೆ ಅದೇ ಕಟ್ಟಡದ ಐದನೇ ಮಹಡಿಯಲ್ಲಿ ಇದ್ದುದರಿಂದ ಛಾವಣಿ ಸಿಕ್ಕಿತ್ತು. ಊರಿನ ಮೂವತ್ತು ನಲವತ್ತು ರೇಡಿಯೋ ಹವ್ಯಾಸಿಗಳಿಗೆ ಅದೇ ಹರಟೆಕಟ್ಟೆ. ಅವರೆಲ್ಲ ಅವಳನ್ನು ಪ್ರೀತಿಯಿಂದ ರಿಪೀಟರಮ್ಮ ಎನ್ನುತ್ತಿದ್ದರು.

ಲಿಫ್ಟಿನ ಕಾಟ ಬಿಡಿಸಲು ಅವನು ಮೂರು ಭಾನುವಾರ ಬಂದ. ಅರ್ಥಿಂಗ್ ತಂತಿ ಎಳೆದ, ಲಿಫ್ಟಿನ ವೈರುಗಳಿಗೆ ರೇಡಿಯೋ ಅಲೆ ತಡೆಯುವ ಕರಿ ಉಂಗುರ ತೊಡಿಸಿದ. ಮೂರನೇ ಮಹಡಿಯ ಅಜ್ಜಿ ನೆಮ್ಮದಿಯಾದರು. ಆದರೆ ನಾಲ್ಕನೇ ಭಾನುವಾರವೂ ಅವನು ಬಂದ! ಐದನೇ ಭಾನುವಾರ ರೇಡಿಯೋ ಲೈಸೆನ್ಸ್ ಪರೀಕ್ಷೆಯ ಪುಸ್ತಕ ಕೇಳಿದ. ಆರು ತಿಂಗಳಲ್ಲಿ ಅವನಿಗೂ ಲೈಸೆನ್ಸ್ ಬಂತು, ಗುಂಪಿನಲ್ಲಿ 'ಲಿಫ್ಟಣ್ಣ' ಎಂಬ ಹೆಸರೂ ಬಿತ್ತು.

ಚಿಕ್ಕವರು ದೊಡ್ಡವರು ಎಲ್ಲರೂ ಅವನನ್ನು ಲಿಫ್ಟಣ್ಣ ಎಂದೇ ಕರೆದರು. ಅವಳೊಬ್ಬಳು ಮಾತ್ರ ಆ 'ಅಣ್ಣ'ನನ್ನು ಒಮ್ಮೆಯೂ ಸೇರಿಸಲಿಲ್ಲ. ಯಾಕೆ ಅಂತ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅವಳೂ ಹೇಳಿಕೊಳ್ಳಲಿಲ್ಲ. ಅವನೂ ಬಾಯಿ ಬಿಡಲಿಲ್ಲ. ಇಬ್ಬರೂ ಕೇಬಲ್ಲು, ಆಂಟೆನಾ ಎನ್ನುತ್ತ ವರ್ಷ ಕಳೆದರು.

ಅಷ್ಟರಲ್ಲಿ ಹಲ್ಲಿನ ಡಾಕ್ಟರ್ ಬಂದಳು.

ಊರಿನ ಆಚೆ ತುದಿಯಲ್ಲಿ ಅವಳ ಕ್ಲಿನಿಕ್ಕು. ಹೊಸ ಲೈಸೆನ್ಸ್, ಜೇನಿನಂಥ ದನಿ. ದಿನಾ ಸಂಜೆ ಏಳು ಗಂಟೆಗೆ ಗುಂಪಿನ ಹಿರಿಯರಾದ ಪೋಸ್ಟ್‌ಮಾಸ್ಟರ್ ತಾತ ರೇಡಿಯೋದಲ್ಲಿ ಎಲ್ಲರ ಹಾಜರಿ ತೆಗೆದುಕೊಂಡ ಮೇಲೆ ಶುರುವಾಗುತ್ತಿತ್ತು ನೋಡಿ ಅವಳ ಪ್ರಶ್ನೆಗಳು.

"ಲಿಫ್ಟಣ್ಣ, ನನ್ನ ಆಂಟೆನಾ ಎಷ್ಟು ಎತ್ತರ ಇಡ್ಲಿ? ಲಿಫ್ಟಣ್ಣ, ನನ್ನ ದನಿ ಇವತ್ತು ಚೆನ್ನಾಗಿದೆಯಾ?"

ಅವನು ಒಂದೊಂದಕ್ಕೂ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಕೇಳಿಸಿಕೊಳ್ಳುತ್ತಿದ್ದ ರಿಪೀಟರಮ್ಮನ ಚಾಕು ಆಗೆಲ್ಲ ಟಕಟಕ ಓಡುತ್ತಿತ್ತು.

'ದನಿ ಚೆನ್ನಾಗಿದೆಯಾ ಅಂತೆ! ಅದನ್ನ ಊರಿಗೆಲ್ಲ ಕೇಳಿಸ್ತಿರೋದು ಯಾರ ಪೆಟ್ಟಿಗೆ? ನಾನು ಒಂದೊಂದು ಬೆಸುಗೆ ಹಾಕಿ ಕಟ್ಟಿದ್ದು ಇವರಿಬ್ಬರ ಸರಸಕ್ಕಾ?'

"ಬೀನ್ಸ್ ಸಾಕಮ್ಮಾ," ಎಂದರು ಅತ್ತಿಗೆ. "ಇನ್ನು ಹೆಚ್ಚಿದ್ರೆ ಪುಡಿಯಾಗುತ್ತೆ."

ಒಂದು ಬುಧವಾರ ಸಂಜೆ ಇನ್ನೊಂದಾಯಿತು. ಡಾಕ್ಟರ್ ದನಿ ಸ್ವಲ್ಪ ತಗ್ಗಿತ್ತು.

"ಲಿಫ್ಟ್ ಅವರೇ... ಒಂದು ಪ್ರಶ್ನೆ."

ರಿಪೀಟರಮ್ಮನ ಚಾಕು ನಿಂತಿತು. ಲಿಫ್ಟ್ ಅವರೇ? ನಿನ್ನೆಯವರೆಗೂ ಇದ್ದ ಅಣ್ಣ ಎಲ್ಲಿ ಹೋದ?!

"ನಿಮ್ಮ ಮನಸ್ಸಲ್ಲಿ ಯಾರಾದ್ರೂ ಇದ್ದಾರಾ?"

"ಓಹೋಹೋ!" ಎಂದರು ಪೋಸ್ಟ್‌ಮಾಸ್ಟರ್ ತಾತ. ಅವಳು ರೇಡಿಯೋ ಎತ್ತಿಕೊಂಡು ತನ್ನ ಕೋಣೆಗೆ ಓಡಿದಳು.

ಅವನ ದನಿ ಬಂತು. "ಇದ್ದಾರೆ ಡಾಕ್ಟ್ರೇ. ಎಲ್ಲರೂ ಇರೋವಾಗ್ಲೇ ಹೇಳಿಬಿಡ್ತೀನಿ, ಅವರೊಬ್ಬರೇ ಎದುರಿಗಿದ್ದಾಗ ಧೈರ್ಯ ಬರೋಲ್ಲ. ಅವರು ಈಗಲೂ ನನ್ನ ಮಾತು ಕೇಳಿಸ್ಕೊಳ್ತಾ ಇದ್ದಾರೆ. ಅವರು..."

ಕೇಳಿಸಿಕೊಳ್ಳುತ್ತಿರುವವಳು! ಪ್ರಶ್ನೆ ಕೇಳಿದವಳು ತಾನೆ ಉತ್ತರಕ್ಕೆ ಕಾದು ಕೂರುವುದು? ತನ್ನ ಪೆಟ್ಟಿಗೆಯ ಬಾಯಿಂದಲೇ ಆ ಹೆಸರು ಕೇಳಬೇಕೆ? ಮೈಯೆಲ್ಲ ಉರಿದುಹೋಯಿತು. ರಿಪೀಟರನ್ನು ದೂರದಿಂದಲೇ ನಿಲ್ಲಿಸಲು ಒಂದು ಗುಟ್ಟಿನ ಸಂಖ್ಯೆ ಇತ್ತು, ಅವಳೊಬ್ಬಳಿಗೇ ಗೊತ್ತಿದ್ದದ್ದು. ನಾಲ್ಕೇ ಅಂಕಿ. ಅವನು ಮಾತಾಡುತ್ತಿದ್ದಂತೆಯೇ ತನ್ನ ರೇಡಿಯೋದಲ್ಲಿ ಒತ್ತಿಬಿಟ್ಟಳು. ಪೆಟ್ಟಿಗೆಗೆ ಅವಳೇ ತೀರಾ ಹತ್ತಿರದವಳು. ಅವನ ದನಿಯನ್ನು ಮೆಟ್ಟಿ ಅವಳ ಅಂಕಿಗಳೇ ಗೆದ್ದವು.

ಗಪ್‌ಚಿಪ್.

ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. "ಅಲ್ಲ ಕಣೇ, ಇನ್ನೇನು ಹೆಸರು ಬರ್ಬೇಕು ಅನ್ನೋಷ್ಟರಲ್ಲಿ ನಿಂತುಹೋಯ್ತಲ್ಲ! ಕೆಟ್ಟಿತೋ... ಕೆಡಿಸಿದೆಯೋ?"

"ಕೆಟ್ಟಿತು ಅತ್ತಿಗೆ," ಎಂದಳು ಅವಳು ಗೋಡೆ ನೋಡುತ್ತ.

ಒಂದು ಸುಳ್ಳು ಹೇಳಿದ್ದಾಯಿತು. ಅದನ್ನು ಸಾಕುವ ಕಷ್ಟ ಶುರುವಾದದ್ದು ಗುರುವಾರದಿಂದ.

ಸಂಜೆ ಐದಕ್ಕೆ ಅವನು ಮೀಟರ್ ಹಿಡಿದು ಬರುತ್ತೇನೆಂದು ಫೋನ್ ಮಾಡಿದ. ಅವಳು ಅಂಗಡಿಯಿಂದ ಬೇಗ ಹೊರಟು, ಅವನಿಗಿಂತ ಮೊದಲೇ ಛಾವಣಿಗೆ ಓಡಿದಳು. ಪೆಟ್ಟಿಗೆಯ ಎಡಗಡೆ, ಕಂಟ್ರೋಲ್ ಬೋರ್ಡಿನಲ್ಲಿ ಸಣ್ಣ ಕೆಂಪು ದೀಪ ಉರಿಯುತ್ತಿತ್ತು. 'ಆಫ್ ಮಾಡಲಾಗಿದೆ' ಎಂದು ಹೇಳುವ ದೀಪ. ಅದರ ಮೇಲೆ ಕಪ್ಪು ಟೇಪಿನ ತುಂಡು ಅಂಟಿಸಿದಳು.

ಅವನು ಬಂದ. ಎಂದಿನಂತೆ ನಗಲಿಲ್ಲ. ಪೆಟ್ಟಿಗೆ ತೆರೆದು ತುಸು ಹೊತ್ತು ಸುಮ್ಮನೆ ನೋಡಿದ. "ಪವರ್ ಸಪ್ಲೈಯಿಂದ ಶುರು ಮಾಡೋಣ," ಎಂದ.

ಗುರುವಾರ ಪವರ್ ಸಪ್ಲೈ. ಶುಕ್ರವಾರ ಕಂಬದ ತುದಿಯವರೆಗೂ ಹತ್ತಿ, ಕೇಬಲ್ಲಿನೊಳಗೆ ನೀರು ಹೋಗಿದೆಯಾ ಎಂದು ಒಂದೊಂದು ಕನೆಕ್ಟರನ್ನೂ ಬಿಚ್ಚಿ ಒರೆಸಿ ಹಾಕಿದ. ಅವಳು ಕೆಳಗೆ ಹಗ್ಗ ಹಿಡಿದು ನಿಂತಿದ್ದಳು.

"ಏನಾದ್ರೂ ಸಿಕ್ತಾ?"

"ಇಲ್ಲ."

"ಬುಧವಾರ... ಅದೇನೋ ಹೇಳ್ತಾ ಇದ್ರಂತಲ್ಲ..." ಎಂದು ಬಾಯಿ ತೆರೆದವಳು ಅರ್ಧಕ್ಕೇ ಮುಚ್ಚಿಕೊಂಡಳು. ಕೇಳಿದರೆ ಉತ್ತರ ಬಂದೀತು! ಆ ಹೆಸರು ಕೇಳಿಸಿಕೊಳ್ಳುವ ಧೈರ್ಯ ಅವಳಿಗೆ ಇನ್ನೂ ಬಂದಿರಲಿಲ್ಲ. ರಿಪೀಟರ್ ಸತ್ತಂತೆ ಬಿದ್ದಿರುವಷ್ಟು ದಿನ ಅವನು ಯಾರವನೂ ಅಲ್ಲ.

ಮತ್ತೊಂದು ವಿಚಿತ್ರ. ಅಷ್ಟು ಚುರುಕಿನವನು ಎಲ್ಲವನ್ನೂ ಬಿಚ್ಚಿದ, ಎಡಗಡೆಯ ಆ ಬೋರ್ಡಿನ ತಂಟೆಗೆ ಮಾತ್ರ ಹೋಗಲಿಲ್ಲ.

ಶನಿವಾರ ಮಧ್ಯಾಹ್ನ ಅಂಗಡಿಗೆ ಡಾಕ್ಟರೇ ಬಂದಳು, ಕನ್ನಡಕ ಮಾಡಿಸಲು! ದನಿಯಂತೆಯೇ ಚೆಲುವೆ. ಕಣ್ಣಿನ ಪರೀಕ್ಷೆಗೆ ಕೂರಿಸಿ ಎದುರಿನ ಗಾಜು ಬದಲಾಯಿಸುತ್ತಿದ್ದ ಅವಳಿಗೆ, ತಪ್ಪು ನಂಬರ್ ಹಾಕಿಕೊಟ್ಟರೆ ಹೇಗೆ ಎಂದು ಒಂದು ಕ್ಷಣ ಅನಿಸಿದ್ದು ನಿಜ.

"ಅಕ್ಕಾ, ರಿಪೀಟರ್ ಯಾವಾಗ ಸರಿಹೋಗುತ್ತೆ?"

"ಹುಡುಕ್ತಾ ಇದ್ದೀವಿ... ಕೆಳಗಿನ ಸಾಲು ಓದಿ."

"ಅವರು 'ಇದ್ದಾರೆ' ಅಂದ್ರು. ಮೂರು ದಿನದಿಂದ ನಿದ್ದೆ ಇಲ್ಲ ನಂಗೆ. ಫೋನಲ್ಲಿ ಕೇಳೋಕೆ ನಾಚಿಕೆ. ನಾನೇ ಇರ್ಬಹುದಾ ಅಕ್ಕಾ? ನಿಮಗೆ ಅವರು ಚೆನ್ನಾಗಿ ಗೊತ್ತಲ್ಲ... ಏನಾದ್ರೂ ಹೇಳಿದ್ರಾ?"

"ಇಲ್ಲ. ನನಗೇನೂ ಹೇಳಿಲ್ಲ."

ಪರೀಕ್ಷೆಗೆ ಹಾಕಿದ್ದ ಕಪ್ಪು ಚೌಕಟ್ಟಿನ ಹಿಂದೆ ಆ ಕಣ್ಣುಗಳು ನೀರು ತುಂಬಿಕೊಂಡಿದ್ದವು. ಈ ಮೂರು ದಿನ ತನ್ನ ಕಣ್ಣು ಕನ್ನಡಿಯಲ್ಲಿ ಹೇಗೆ ಕಾಣುತ್ತಿತ್ತೋ ಹಾಗೆಯೇ! ಅವಳಿಗೆ ಮೊದಲ ಬಾರಿಗೆ ತನ್ನ ಮೇಲೆ ಹೇಸಿಗೆಯಾಯಿತು. ನಂಬರನ್ನು ಎರಡೆರಡು ಸಲ ಪರೀಕ್ಷಿಸಿ ಬರೆದಳು.

ಡಾಕ್ಟರ್ ಹೋದ ಮೇಲೆ ಪೋಸ್ಟ್‌ಮಾಸ್ಟರ್ ತಾತನ ಫೋನು. "ಏನಮ್ಮಾ, ಏಳು ಗಂಟೆ ಆದ್ರೆ ಸಾಕು, ಪುಸ್ತಕ ತೆಗೆದು ಕೂತ್ಕೋತೀನಿ. ಯಾರೂ ಇಲ್ಲ. ನಿನ್ನೆ ಗೋಡೆ ಗಡಿಯಾರದ ಹಾಜರಿ ತಗೊಂಡೆ." ತಾತ ನಕ್ಕರು. ಅವಳಿಗೆ ನಗಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಅವನು ಬಂದಿದ್ದ. ಅವಳು ಛಾವಣಿಯ ಬಾಗಿಲು ದೂಡಿದಾಗ ಪೆಟ್ಟಿಗೆಯ ಮುಚ್ಚಳಕ್ಕೆ ಸ್ಕ್ರೂ ಹಾಕುತ್ತಿದ್ದ.

"ಎಲ್ಲಾ ಜೋಡಿಸಿದ್ದೀನಿ. ನನ್ನಿಂದ ಇಷ್ಟೇ ಆಗೋದು," ಎಂದ ತಿರುಗದೆ. "ಇನ್ನು... ನಾನು ಬರೋದಿಲ್ಲ. ಬೇರೆ ಯಾರ ಹತ್ರ ಆದ್ರೂ ತೋರಿಸಿ."

"ಬರೋದಿಲ್ಲ ಅಂದ್ರೆ?"

"ಬರೋದಿಲ್ಲ ಅಂದ್ರೆ ಬರೋದಿಲ್ಲ."

'ಹೋಗ್ತಾನೆ. ಸುಳ್ಳನ್ನೇ ನಂಬಿಕೊಂಡು ಹೋಗಿಬಿಡ್ತಾನೆ!'

"ಅದು ಕೆಟ್ಟಿಲ್ಲ," ಎಂದಳು. "ಕೆಟ್ಟೇ ಇರ್ಲಿಲ್ಲ. ನಾನೇ ಆಫ್ ಮಾಡಿದ್ದು."

"ಗೊತ್ತು."

"...ಯಾವಾಗಿಂದ?"

"ಗುರುವಾರದಿಂದ. ಟೇಪು ಪೂರ್ತಿ ಮುಚ್ಚಿರ್ಲಿಲ್ಲ. ಅಂಚಲ್ಲಿ ಕೆಂಪಗೆ ಕಾಣ್ತಿತ್ತು."

ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮರುಗಳಿಗೆಯೇ ಸಿಟ್ಟು ಬಂತು. "ಗೊತ್ತಿದ್ದೂ ಮೂರು ದಿನ ಬಿಚ್ಚಿ ಬಿಚ್ಚಿ ಹಾಕಿದ್ರಾ? ನನ್ನ ಆಟ ಆಡಿಸ್ತಿದ್ರಾ? ಕಂಬ ಬೇರೆ ಹತ್ತಿದ್ರಲ್ರೀ! ಬಿದ್ದಿದ್ರೆ?"

"ಇನ್ನೇನ್ ಮಾಡ್ಲಿ?" ಅವನು ಈಗ ತಿರುಗಿದ. ಕಣ್ಣು ಕೆಂಪಾಗಿತ್ತು. "ಹುಡುಕೋಕೆ ಏನಾದ್ರೂ ಇದೆ ಅಂತ ಇದ್ರೆ ತಾನೇ ನಿಮ್ಮ ಪಕ್ಕ ಕೂರಬಹುದು? ನೀವು ಬೇಡ ಅಂದಾಗಿತ್ತು. ಇನ್ನೆರಡು ದಿನ ಕೂತು ಹೋಗೋಣ ಅಂತ..."

"ನಾನೆಲ್ಲಿ ಬೇಡ ಅಂದೆ?"

"ಬಾಯಲ್ಲಿ ಹೇಳ್ಬೇಕಾ? ನಾನು ಮನಸ್ಸು ಬಿಚ್ಚಿ ಹೇಳ್ತಾ ಇದ್ದೀನಿ, ಅದು ನಾಲ್ಕು ಜನರ ಕಿವಿಗೆ ಬೀಳೋದೂ ಬೇಡ ಅಂತ ರಿಪೀಟರನ್ನೇ ಆಫ್ ಮಾಡಿದ್ರಿ. ಅದಕ್ಕಿಂತ ದೊಡ್ಡ 'ಬೇಡ' ಯಾವುದ್ರೀ?"

"ಅಯ್ಯೋ... ನೀವು ಹೇಳ್ತಾ ಇದ್ದದ್ದು ಡಾಕ್ಟರ್ ಬಗ್ಗೆ ಅಲ್ವಾ?"

"ಡಾಕ್ಟರಾ? ಅವರ ಬಗ್ಗೆ ನಾನ್ಯಾಕೆ...? ಒಂದು ವರ್ಷದಿಂದ ಪ್ರತಿ ಭಾನುವಾರ ಆರು ಮಹಡಿ ಹತ್ತಿ ಬರ್ತಿರೋದು ಹಲ್ಲು ತೋರಿಸೋಕಾ?"

ಅವಳಿಗೆ ಅಳು ನಗು ಎರಡೂ ಒಟ್ಟಿಗೇ ಬಂದವು. ಅಳುವೇ ಗೆದ್ದಿತು. "ಹೊಟ್ಟೆಕಿಚ್ಚು ಕಣ್ರೀ! ಅವಳು ಲಿಫ್ಟ್ ಅವರೇ ಅಂದಳು, ನನ್ನ ಬುದ್ಧಿ ಎಲ್ಲಿತ್ತೋ... ನನ್ನ ಪೆಟ್ಟಿಗೇಲೇ ನೀವು ಅವಳ ಹೆಸರು ಹೇಳಿದ್ರೆ ನಾನು ಸತ್ತೇ ಹೋಗ್ತಿದ್ದೆ."

ಅವನು ಒಂದು ಹೆಜ್ಜೆ ಮುಂದೆ ಬಂದ. "ನಾನು ಹೇಳ್ತಿದ್ದದ್ದು..."

"ಇರಿ!" ಅವಳು ಕಣ್ಣೊರೆಸಿಕೊಂಡಳು. "ಈಗ್ಲೇ ಬೇಡ. ಮೊದಲು ನಾನು ಅವರಿಗೆಲ್ಲ ಹೇಳ್ಬೇಕು."

ನಾಲ್ಕು ಅಂಕಿ ಒತ್ತಿದಳು. ಪೆಟ್ಟಿಗೆಯ ಫ್ಯಾನು ಗುಂಯ್ ಎಂದಿತು. ಗುಂಡಿ ಒತ್ತಿ ಹಿಡಿದಳು.

"ಎಲ್ಲರಿಗೂ ನಮಸ್ಕಾರ. ರಿಪೀಟರ್ ಕೆಟ್ಟಿರ್ಲಿಲ್ಲ. ನಾನೇ ನಿಲ್ಲಿಸಿದ್ದೆ, ಹೊಟ್ಟೆಕಿಚ್ಚಿಗೆ. ಲಿಫ್ಟ್ ಬೇರೆ ಯಾರ ಹೆಸರಾದ್ರೂ ಹೇಳಿಬಿಡ್ತಾರೆ ಅನ್ನೋ ಭಯಕ್ಕೆ. ತಾತ, ತಪ್ಪಾಯ್ತು. ಡಾಕ್ಟ್ರೇ... ನಿಮ್ಮ ಮುಖ ನೋಡ್ಕೊಂಡೇ ಸುಳ್ಳು ಹೇಳಿದೆ. ಕ್ಷಮಿಸಿ ಅನ್ನೋಕೂ ನಾಲಿಗೆ ಬರ್ತಿಲ್ಲ."

ಗುಂಡಿ ಬಿಟ್ಟಳು. ಆಮೇಲೆ ಆ ಜೇನಿನ ದನಿ ಬಂತು, ಸ್ವಲ್ಪ ಒಡೆದು.

"ಅಕ್ಕಾ... ಕನ್ನಡಕದ ನಂಬರ್ ಆದ್ರೂ ಸರಿಯಾಗಿ ಬರೆದಿದ್ದೀರಾ?"

"ಎರಡು ಸಲ ನೋಡಿ ಬರೆದಿದ್ದೀನಿ."

"ಸರಿ. ಲಿಫ್ಟಣ್ಣ, ನನ್ನ ಪ್ರಶ್ನೆಗೆ ಇನ್ನು ಉತ್ತರ ಬೇಡ. ಅರ್ಥ ಆಯ್ತು."

ಗೆದ್ದ ಖುಷಿ ಬರಲಿಲ್ಲ ಅವಳಿಗೆ. ಆ 'ಅಣ್ಣ' ಎನ್ನಲು ಆ ಹುಡುಗಿಗೆ ಎಷ್ಟು ಕಷ್ಟವಾಗಿರಬೇಕೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನಂಗೆ ಅರ್ಥ ಆಗ್ಲಿಲ್ಲ!" ಪೋಸ್ಟ್‌ಮಾಸ್ಟರ್ ತಾತ ನುಗ್ಗಿದರು. "ಯಾರಾದ್ರೂ ಬಿಡಿಸಿ ಹೇಳ್ರಪ್ಪಾ!"

ಅವನು ಅವಳ ಕೈಯಿಂದ ರೇಡಿಯೋ ತೆಗೆದುಕೊಂಡ. "ತಾತ, ಸಂಜೆ ಹಾಜರೀಲಿ ಹೇಳ್ತೀವಿ," ಎಂದು ಅದರ ಸದ್ದು ಪೂರ್ತಿ ಇಳಿಸಿದ.

ನೀರಿನ ಟ್ಯಾಂಕಿನ ನೆರಳಲ್ಲಿ ಇಬ್ಬರೂ ಕುಳಿತರು. ಅವಳೇ ಕೇಳಿದಳು.

"ಅವತ್ತು ರಿಪೀಟರ್ ನಿಂತಿದ್ದು ನಿಮಗೆ ಗೊತ್ತಾಗ್ಲಿಲ್ವಾ?"

"ಮಾತಾಡೋವಾಗ ಹೇಗ್ರೀ ಗೊತ್ತಾಗುತ್ತೆ? ಗುಂಡಿ ಬಿಟ್ಟ ಮೇಲೇ ಗೊತ್ತಾಗಿದ್ದು. ಅಷ್ಟರಲ್ಲಿ ಪೂರ್ತಿ ಹೇಳಿ ಮುಗಿಸಿದ್ದೆ. ಒಂದು ನಿಮಿಷ ಆಗಿರ್ಬೇಕು."

"ಒಂದು ನಿಮಿಷ! ನನ್ನ ಬಗ್ಗೇನಾ? ಏನೇನು ಹೇಳಿದ್ರಿ?"

ಅವನ ಕಿವಿ ಕೆಂಪಾಯಿತು. "ಈಗ... ಎದುರಿಗೆ ಕೂತ್ಕೊಂಡು ಹೇಗೆ ಹೇಳ್ಲಿ?"

"ನನ್ನ ಮುಖ ನೋಡ್ಬೇಡಿ. ಆ ಕಡೆ ತಿರುಗಿ ಹೇಳಿ."

ಅವನು ತಿರುಗಲಿಲ್ಲ. ಅವಳ ಬೆರಳುಗಳನ್ನು ತನ್ನ ಒರಟು ಅಂಗೈಯೊಳಗೆ ಎಳೆದುಕೊಂಡ.

"ತಡವರಿಸಿದ್ರೆ ನಗಬಾರ್ದು."

"ನಗಲ್ಲ."

"ಮಧ್ಯೆ ನಿಲ್ಲಿಸಬಾರ್ದು."

"ಉಸಿರೂ ಬಿಡಲ್ಲ... ಹೇಳ್ರೀ!"