ಮೂರು ಚೆಂಡು, ಒಂದು ಹೆಬ್ಬೆರಳು

ತಾನು ಕಲಿಸಿದ ಹುಡುಗ ತನ್ನನ್ನೇ ಸೋಲಿಸಿದ್ದಕ್ಕೆ ಸುಶಮೀಂದ್ರನಿಗೆ ಅಷ್ಟೇನೂ ಬೇಜಾರಿರಲಿಲ್ಲ. ಗೆದ್ದ ಮೇಲೆ ಎಲ್ಲರೆದುರು ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿದನಲ್ಲ, ಅದು ಉರಿಯಿತು. ಜನ ಹುಡುಗನ ವಿನಯಕ್ಕೂ ಸೇರಿಸಿ ಚಪ್ಪಾಳೆ ತಟ್ಟಿದರು. ಸೋತವನಿಗೆ ಅವನ ತಲೆ ಸವರಿ ನಗುವ ಕೆಲಸ ಒಂದೇ ಉಳಿಯಿತು.

ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕದಲ್ಲಿ ಯಶೋಧರಾ ನಡೆಸುವ ಬೌಲಿಂಗ್ ಸೆಂಟರಿದೆ, ಭಾರದ ಚೆಂಡು ಉರುಳಿಸಿ ಹತ್ತು ಪಿನ್ನು ಬೀಳಿಸುವ ಆಟದ್ದು. ಅಲ್ಲಿ ಆಟಗಾರರ ಕೈ ಅಳತೆ ನೋಡಿ ಚೆಂಡಿಗೆ ಬೆರಳಿನ ತೂತು ಕೊರೆದುಕೊಡುವವನು ಸುಶಮೀಂದ್ರ; ಆಟಗಾರನೂ ಹೌದು. ಅಪ್ಪ ಮಾಡಿದ ದೇವಸ್ಥಾನದ ಪೂಜೆ ಈಗ ಅಣ್ಣನ ಪಾಲಿಗಿದೆ. ಇವನು ಮಾತ್ರ ನೆಂಟರಿಷ್ಟರ ಬಾಯಲ್ಲಿ ‘ಗುಂಡು ಉರುಳಿಸೋನು’. ಆ ಬಾಯಿಗಳನ್ನು ಮುಚ್ಚಿಸಲು ಅವನಿಗಿದ್ದ ದಾರಿ ಒಂದೇ, ರಾಜ್ಯ ತಂಡ. ಅದರ ಆಯ್ಕೆಗೆ ಸೆಂಟರಿನಿಂದ, ವರ್ಷಕ್ಕೊಮ್ಮೆ ನಡೆಯುವ ಪಂದ್ಯದಲ್ಲಿ ಗೆದ್ದ ಒಬ್ಬರನ್ನು ಕಳಿಸುತ್ತಾರೆ. ಹೋದ ವರ್ಷ ಇವನನ್ನು ಸೋಲಿಸಿ ಕಾಲು ಮುಟ್ಟಿದ ಆ ಹುಡುಗ, ನಾಗಾರ್ಜುನ, ಹೋಗಿದ್ದ. ಈ ವರ್ಷವೂ ಅವನೇ ಹೋದರೆ, ನಲವತ್ತು ದಾಟಿದ ಸುಶಮೀಂದ್ರ ಇನ್ನು ಬದುಕಿಡೀ ಬೇರೆಯವರ ಚೆಂಡಿಗೆ ತೂತು ಕೊರೆಯುತ್ತ ಕೂರಬೇಕು.

ನಾಗಾರ್ಜುನ ಕೆ.ಆರ್. ಪೇಟೆ ಕಡೆಯ ಕಿಕ್ಕೇರಿ ಪಕ್ಕದ ಹಳ್ಳಿಯವನು. ಕಬ್ಬಿನ ಗದ್ದೆ, ಎರಡು ಹಸು. ಯಾರದೋ ಹುಟ್ಟುಹಬ್ಬಕ್ಕೆಂದು ಸೆಂಟರಿಗೆ ಬಂದವನು ಬಾಡಿಗೆ ಶೂ ಹಾಕಿಕೊಂಡು ಎಸೆದ ಮೊದಲನೇ ಚೆಂಡಿಗೇ ಎಲ್ಲ ಪಿನ್ನುಗಳನ್ನೂ ಮಲಗಿಸಿದ್ದ. ಅವನನ್ನು ಕರೆದು ಕೂರಿಸಿ, ಕೈ ತಿದ್ದಿ, ಚೆಂಡು ಕೊರೆದುಕೊಟ್ಟವನು ಸುಶಮೀಂದ್ರನೇ. ಈಗ ನೋಡಿದರೆ ಗುರುವಿಗೇ ತಿರುಮಂತ್ರ.

ಬೌಲಿಂಗ್ ಆಡುವವನ ಪ್ರಾಣ ಹೆಬ್ಬೆರಳಿನಲ್ಲಿರುತ್ತದೆ. ಅದರ ತೂತಿನೊಳಗೆ ಸ್ಲೀವ್ ಎನ್ನುವ ಪ್ಲಾಸ್ಟಿಕ್ ಕೊಳವೆ ಕೂತಿರುತ್ತದೆ. ತೂತು ಕೂದಲೆಳೆಯಷ್ಟು ಸಡಿಲವಾದರೆ ಚೆಂಡು ಮೊದಲೇ ಜಾರುತ್ತದೆ. ಬಿಗಿಯಾದರೆ ಬೆರಳು ತಡವಾಗಿ ಬಿಟ್ಟುಕೊಟ್ಟು ಚೆಂಡು ಎತ್ತಲೋ ಹೋಗುತ್ತದೆ. ಚೆಂಡು ಉರುಳುವ ಲೇನಿಗೆ ಎಣ್ಣೆ ಸವರಿರುತ್ತಾರೆ. ನಾಗಾರ್ಜುನನ ಹತ್ತಿರ ಮೂರು ಚೆಂಡುಗಳಿದ್ದವು: ಎಣ್ಣೆ ಹೆಚ್ಚಿರುವ ಲೇನಿಗೆ ಒಂದು, ಎಣ್ಣೆ ಒಣಗಿದ ಮೇಲೆ ಒಂದು, ಉಳಿದುಹೋದ ಒಂಟಿ ಪಿನ್ನಿಗೆ ನೇರ ಹೋಗುವ ಇನ್ನೊಂದು. ಯಾವುದನ್ನು ಎತ್ತಿದರೂ ಹೆಬ್ಬೆರಳಿಗೆ ವ್ಯತ್ಯಾಸ ತಿಳಿಯಬಾರದು. ಹಾಗೆ ಕೂರಿಸುವುದರಲ್ಲಿ ಸುಶಮೀಂದ್ರನದು ಎತ್ತಿದ ಕೈ.

ಅದೇ ಕೈಚಳಕದಿಂದ ಉಪಾಯ ಹೊಳೆಯಿತು. ಒಂದು ಚೆಂಡು ಬಿಗಿಯಾದರೆ ಆಟಗಾರ ಚೆಂಡಿನ ಮೇಲೆ ಅನುಮಾನಪಡುತ್ತಾನೆ. ಮೂರೂ ಒಂದೇ ಸಮ ಬಿಗಿಯಾದರೆ ತನ್ನ ಬೆರಳಿನ ಮೇಲೇ ಅನುಮಾನಪಡುತ್ತಾನೆ. ಬೆರಳು ಊದಿದೆ ಅಂದುಕೊಳ್ಳುತ್ತಾನೆ, ಗಾಬರಿಯಾಗುತ್ತಾನೆ, ಸೋಲುತ್ತಾನೆ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಮಾಡಬೇಕಾದದ್ದು ಇಷ್ಟೇ, ಮೂರು ಹೊಸ ಸ್ಲೀವ್, ಮೂರೂ ಕೂದಲೆಳೆಯಷ್ಟು ಕಿರಿದು.

ಊದುವುದಕ್ಕೆ ಕಾರಣವೂ ಸಿದ್ಧವಿತ್ತು. ನಾಗಾರ್ಜುನ ಹಸು ಕರೆಯುವುದು ಹೆಬ್ಬೆರಳು ಒಳಕ್ಕೆ ಮಡಚಿ, ಗಿಣ್ಣಿನಿಂದ ಒತ್ತಿ. ಹಾಲು ಡೈರಿಗೆ ಹಾಕಿ ಬೈಕು ಹತ್ತಿ ಬರುವಾಗ ಆ ಗಿಣ್ಣು ದಪ್ಪಗಾಗಿರುತ್ತಿತ್ತು. ಹಾಗೆ ಬಂದ ಒಂದು ಬೆಳಿಗ್ಗೆಯೇ ಸುಶಮೀಂದ್ರ, ಹಲ್ಲಿನ ಡಾಕ್ಟರು ಬಳಸುವ ಹಿಟ್ಟಿನಲ್ಲಿ ಅದರ ಅಚ್ಚು ತೆಗೆದು, ಅದಕ್ಕೆ ತಕ್ಕಂತೆ ತೂತು ಕೊರೆದಿದ್ದ. ಪಂದ್ಯ ಬೆಳಿಗ್ಗೆಯೇ ಇಟ್ಟರೆ ಬೆರಳು ತನ್ನ ಪೂರ್ತಿ ದಪ್ಪದಲ್ಲಿರುತ್ತದೆ. ಲೇನಿಗೆ ಎಣ್ಣೆ ಹೊಸದಾಗಿರುತ್ತದೆ ಮೇಡಂ, ಬೆಳಿಗ್ಗೆಯೇ ಇಡಿ ಎಂದು ಅವನು ಸೂಚಿಸಿದ. ಯಶೋಧರಾ ಒಪ್ಪಿದರು.

ಭಾನುವಾರ ನಾಗಾರ್ಜುನ ಬಂದು ಅಭ್ಯಾಸ ಮಾಡುತ್ತಿದ್ದಾಗ, ಗೋಡೆಯಾಚೆಯ ಕೋಣೆಯಲ್ಲಿ ಸುಶಮೀಂದ್ರ ಸ್ಲೀವ್‌ಗಳನ್ನು ಕೊರೆಯುತ್ತಿದ್ದ. ಹೊರಗೆ ಹೋಗಿ ಆಟ ನೋಡುವ ಅಗತ್ಯವೇ ಬೀಳಲಿಲ್ಲ. ಆಟಗಾರನ ಬೆರಳಿನ ಅಚ್ಚು ಮೇಜಿನ ಮೇಲೇ ಇತ್ತಲ್ಲ. ಮೂರು ಸ್ಲೀವ್‌ಗಳಲ್ಲೂ ಅಚ್ಚು ಒಂದೇ ಜಾಗದಲ್ಲಿ ಹಿಡಿಯುವವರೆಗೆ ಉಜ್ಜಿದ, ತೆಗೆದ, ಮತ್ತೆ ಉಜ್ಜಿದ. ಹಳೆಯದರ ಹಾಗೆ ಕಾಣಲೆಂದು ಬೆವರು ಬೆರೆತ ಧೂಳನ್ನೂ ಬಳಿದ. ಇಷ್ಟು ಶ್ರದ್ಧೆಯಿಂದ ಅವನು ದೇವರ ಕೆಲಸವನ್ನೂ ಮಾಡಿದ್ದಿಲ್ಲ.

ಮಂಗಳವಾರ ಸೆಂಟರಿಗೆ ರಜೆ. ಅಂದು ನಾಗಮಂಗಲದಲ್ಲಿ ಭಾವನ ಮಗನ ಮುಂಜಿ ಇತ್ತು. ಎಲ್ಲರಿಗೂ ಕಾಣುವ ಹಾಗೆ ಮೊದಲ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದ. ತಲೆನೋವೆಂದು ಮೆಲ್ಲಗೆ ಎದ್ದವನು ಬಸ್ಸು ಹಿಡಿದು ಪಾಂಡವಪುರಕ್ಕೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ, ಮಧ್ಯಾಹ್ನ ಸೆಂಟರಿನ ಹಿಂಬಾಗಿಲು ತೆಗೆದ. ಚೆಂಡುಗಳು ಲಾಕರಿನಲ್ಲಿದ್ದವು, ಲಾಕರಿನ ಇನ್ನೊಂದು ಕೀ ಅವನಲ್ಲಿತ್ತು. ಕೆಲಸ ಮುಗಿಸಿ, ಹಳೆಯ ಸ್ಲೀವ್‌ಗಳನ್ನು ಕಾವೇರಿಗೆ ಎಸೆದು, ಸಂಜೆಯ ಆರತಿ ಹೊತ್ತಿಗೆ ಮತ್ತೆ ನಾಗಮಂಗಲದಲ್ಲಿದ್ದ.

ಮರುದಿನವೇ ನಾಗಾರ್ಜುನನ ಫೋನು ಬಂತು.

“ಅಣ್ಣ, ನಿನ್ನೆ ಪಾಂಡವಪುರಕ್ಕೆ ಬಂದಿದ್ರಾ? ನಾನು ಮೋಟ್ರು ರಿಪೇರಿಗೆ ಅಂತ ಬಂದಿದ್ದೆ. ಬಸ್ ಸ್ಟ್ಯಾಂಡಲ್ಲಿ ನಿಮ್ಮಂಗೇ ಒಬ್ರು ಕಂಡ್ರು. ಕೂಗ್ದೆ, ತಿರುಗ್ಲೇ ಇಲ್ಲ.”

“ನಾನ್ಯಾಕಪ್ಪಾ ಪಾಂಡವಪುರಕ್ಕೆ ಬರ್ಲಿ? ನಾಗಮಂಗಲದಲ್ಲಿ ಮುಂಜಿ ಇತ್ತು. ಇಡೀ ದಿನ ಅಲ್ಲೇ ಇದ್ದೆ.”

“ಅಂಗಾರೆ ಇನ್ಯಾರೋ ಇರ್ಬೇಕು ಬುಡಿ.”

ಆ ‘ಬುಡಿ’ ಸುಶಮೀಂದ್ರನ ನಿದ್ದೆ ಕೆಡಿಸಿತು. ಸುಮ್ಮನೆ ಕೇಳಿದನೋ, ಏನಾದರೂ ತಿಳಿದೇ ಕೇಳಿದನೋ? ಇಡೀ ದಿನ ಅಂತ ತಾನು ಹೇಳಬಾರದಿತ್ತೇನೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ತನಗೆ ತಾನೇ ಬೈದುಕೊಂಡ. ಪಂದ್ಯದ ದಿನದವರೆಗೂ ಯಶೋಧರಾ ಕೆಮ್ಮಿದರೂ ಅವನಿಗೆ ಏನೋ ಅರ್ಥ ಕಾಣುತ್ತಿತ್ತು.

ಭಾನುವಾರದಿಂದೀಚೆಗೆ ಅಭ್ಯಾಸಕ್ಕೆ ಬಾರದಿದ್ದ ನಾಗಾರ್ಜುನ ಪಂದ್ಯದ ಬೆಳಿಗ್ಗೆ ಬಂದವನೇ ಲಾಕರು ತೆಗೆದ. ಕೈಯಲ್ಲಿ ಟೇಪಿನ ಸುರುಳಿ ಇತ್ತು. ತೂತು ಸಡಿಲ ಅನ್ನಿಸಿದಾಗ ಒಳಗೆ ಅಂಟಿಸಿಕೊಳ್ಳುವ ಟೇಪು ಅದು, ಎಲ್ಲ ಆಟಗಾರರ ಹತ್ತಿರವೂ ಇರುತ್ತದೆ. ಮೊದಲ ಚೆಂಡಿನಲ್ಲಿ ಹೆಬ್ಬೆರಳು ಇಟ್ಟ. ಹುಬ್ಬು ಗಂಟಾಯಿತು. ಎರಡನೆಯದರಲ್ಲಿ ಇಟ್ಟ, ಮೂರನೆಯದರಲ್ಲೂ ಇಟ್ಟ. ಕೊನೆಗೆ ಬೆರಳನ್ನು ಕಣ್ಣ ಮುಂದೆ ತಂದು ತಿರುಗಿಸಿ ನೋಡಿದ. ತಾನು ಬರೆದುಕೊಟ್ಟ ಪಾತ್ರವನ್ನು ಹುಡುಗ ಚಾಚೂ ತಪ್ಪದೆ ಅಭಿನಯಿಸುತ್ತಿದ್ದಾನೆ ಎಂದು ಸುಶಮೀಂದ್ರನಿಗೆ ಅನ್ನಿಸಿತು.

“ಏನೋ, ಏನಾಯ್ತು?” ಎಂದ.

“ಏನಿಲ್ಲ ಕಣಣ್ಣ” ಎಂದು ನಾಗಾರ್ಜುನ ಟೇಪನ್ನು ಬಿಚ್ಚದೆ ಜೇಬಿಗೆ ಹಾಕಿಕೊಂಡ.

ಬಿಗಿಯಾದ ತೂತಿಗೆ ಟೇಪು ಯಾರು ಹಚ್ಚುತ್ತಾರೆ? ಸುಶಮೀಂದ್ರನ ಎದೆ ಹಗುರಾಯಿತು. ಆ ಫೋನು ಬಂದಾಗಿನಿಂದ ಹಿಡಿದಿದ್ದ ಅನುಮಾನದ ಭೂತ ಬಿಟ್ಟುಹೋಯಿತು. ಅವನು ಆ ದಿನ ನಿಜಕ್ಕೂ ಚೆನ್ನಾಗಿ ಆಡಿದ. ಎಷ್ಟೋ ವರ್ಷಗಳಲ್ಲಿ ಹಾಗೆ ಆಡಿರಲಿಲ್ಲ.

ನಾಗಾರ್ಜುನ ಅವನಿಗಿಂತ ಚೆನ್ನಾಗಿ ಆಡಿದ. ಚೆಂಡು ಅವನ ಕೈಯಿಂದ ಬೆಣ್ಣೆಯಿಂದ ಕೂದಲು ಎಳೆದಷ್ಟು ಸಲೀಸಾಗಿ ಬಿಡುತ್ತಿತ್ತು. ಚೆಂಡು ಬದಲಾಯಿಸಿದರೂ ಅಷ್ಟೇ. ಪಿನ್ನುಗಳು ಸಾಲುಸಾಲಾಗಿ ಬಿದ್ದವು. ಈಗ ಹಿಡಿಯುತ್ತದೆ, ಈಗ ಹಿಡಿಯುತ್ತದೆ ಎಂದು ಸುಶಮೀಂದ್ರ ಕಾಯುತ್ತಲೇ ಇದ್ದ. ಪಂದ್ಯವೇ ಮುಗಿದುಹೋಯಿತು.

ಈ ಸಲ ಹುಡುಗ ಕಾಲು ಮುಟ್ಟಲು ಬರಲಿಲ್ಲ. ಮೂರು ಚೆಂಡನ್ನೂ ಒಂದೊಂದಾಗಿ ತಂದು ಯಶೋಧರಾ ಅವರ ಮೇಜಿನ ಮೇಲಿಟ್ಟ.

“ಮೇಡಂ, ಓದ್ ಭಾನ್ವಾರ ಆಡುವಾಗ ಈ ಮೂರೂ ಕೈಯಿಂದ ಜಾರ್ತಿದ್ವು. ಅಣ್ಣಂಗೆ ಗೊತ್ತಾಗ್ಬಾರ್ದು ಅಂತ ಸುಮ್ಕಿದ್ದೆ. ಟೇಪ್ ಹಚ್ಕೊಂಡು ಆಡಾನಾ ಅಂತ ಇವತ್ತು ತಂದಿದ್ದೆ. ನೋಡುದ್ರೆ ಮೂರೂ ಒಂದೇ ಸಮ ಬಿಗಿಯಾಗವೆ. ಯಾರೋ ಕೈಯಾಡ್ಸವ್ರೆ.”

ಯಶೋಧರಾ ಒಂದು ಚೆಂಡನ್ನು ಬೆಳಕಿಗೆ ತಿರುಗಿಸಿ ತೂತಿನೊಳಗೆ ಇಣುಕಿದರು. ಸುಶಮೀಂದ್ರ ವಾರದಿಂದ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತನ್ನು ಈಗ ಆಡಿದ.

“ಚೆಂಡಿಗೆ ಏನಾಗತ್ತೆ ಮೇಡಂ? ಅವನ ಬೆರಳೇ ಊದಿರತ್ತೆ. ಬೆಳಿಗ್ಗೆ ಎರಡು ಹಸು ಹಾಲು ಕರೆದು ಬಂದಿರ್ತಾನಲ್ಲ.”

“ಯಾವ ಹಾಲಣ್ಣ?” ಎಂದ ನಾಗಾರ್ಜುನ. “ಎರಡು ಹಸುವೂ ತುಂಬು ಗಬ್ಬ. ಕರ ಹಾಕೋ ಗಂಟ ಕರೀಬಾರ್ದು ಅಂತ ಬತ್ಸಿ ತಿಂಗಳಾಯ್ತು. ಬೆರಳು ಸಣ್ಣಾಗ್ಬುಟ್ಟದೆ, ಅದ್ಕೇ ಜಾರ್ತಿದ್ದದ್ದು. ಈಗ ಅಳತೆ ತಗ್ದು ಕೊರ್ದಂಗೆ ಸರ್ಯಾಗಿ ಕೂತ್ಕತ್ತದೆ.” ಹೊಟ್ಟೆಯಲ್ಲಿ ಕರು ಬಲಿತ ಹಸುವನ್ನು ಕರೆಯುವುದಿಲ್ಲ ಎಂಬುದು ಕೆ.ಆರ್. ಪೇಟೆ ಕಡೆಯ ಚಿಕ್ಕ ಮಕ್ಕಳಿಗೂ ಗೊತ್ತು. ಅಭಿಷೇಕಕ್ಕೂ ಕಾಫಿಗೂ ದಿನಾ ಬಾಗಿಲಿಗೇ ಹಾಲು ಬರುವ ಮನೆಯಲ್ಲಿ ಬೆಳೆದ ಸುಶಮೀಂದ್ರನಿಗೆ ಅದು ಈಗ ಗೊತ್ತಾಯಿತು. ಮಂಗಳವಾರ ಮುಂಜಿ ಮನೆಯಲ್ಲೇ ಇನ್ನೊಂದು ಹೋಳಿಗೆ ತಿಂದುಕೊಂಡು ಕೂತಿದ್ದರೆ ಜಾರುವ ಚೆಂಡುಗಳಿಗೆ ಟೇಪು ಹಚ್ಚುತ್ತ ಹುಡುಗ ಒದ್ದಾಡಿ, ಇವತ್ತು ಗೆಲ್ಲುತ್ತಿದ್ದವನು ತಾನೇ ಎಂಬುದೂ ಗೊತ್ತಾಯಿತು. ಯಶೋಧರಾ ಅವನತ್ತ ಕೈ ಚಾಚಿದರು. ಅವನು ಕೊರೆಯುವ ಕೋಣೆಯ ಬೀಗದ ಕೈಯನ್ನು ಜೇಬಿನಿಂದ ತೆಗೆದು ಅವರ ಅಂಗೈಯಲ್ಲಿಟ್ಟ.