ಬಾಯಿ ಬಿಡದ ಹೋಟೆಲು

ಮರ್ರಾಕೆಶ್‌ನಲ್ಲಿ ದೊಡ್ಡ ಹೋಟೆಲುಗಳಿಗೇನು ಬರ? ಆದರೂ ಸಿನಿಮಾದವರು ನಮ್ಮದನ್ನೇ ಹುಡುಕಿಕೊಂಡು ಬರುತ್ತಾರೆ. ಇಲ್ಲಿ ಕೆಲಸದವರು ಯಾರೂ ಬಾಯಿ ಬಿಡುವಂತಿಲ್ಲ. ಆ ಮೌನಕ್ಕೇ ಅವರು ಮರುಳು.

ನಾನು ಇಲ್ಲಿನ ಹಬೆಯ ಬಚ್ಚಲಿನಲ್ಲಿ ಅತಿಥಿಗಳ ಮೈಯುಜ್ಜುವವಳು. ಅವರು ಎದ್ದುಹೋದ ಮೇಲೆ ಮೋರಿಗೆ ಕುದಿಯುವ ನೀರು ಹಾಕಿ ತೊಳೆಯಬೇಕು. ಸುರಿಯುವ ಮುಂಚೆ ದೇವರ ಹೆಸರೆತ್ತಿ 'ಬಿಸ್ಮಿಲ್ಲಾ' ಅನ್ನಬೇಕೆಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮೋರಿಯ ಕೆಳಗೆ ಕಣ್ಣಿಗೆ ಕಾಣದೆ ಬದುಕುವ ಜಿನ್ನುಗಳಿಗೂ ಮಕ್ಕಳುಮರಿಗಳಿವೆ, ಸರಿದುಕೊಳ್ಳಲು ಹೊತ್ತು ಕೊಡಬೇಕು.

ಆ ಮಧ್ಯಾಹ್ನ ಪಕ್ಕದ ಕೋಣೆಯಲ್ಲಿ ಹೆಸರಾಂತ ನಟಿ ಮಲಗಿದ್ದಳು. ಮೇಲ್ವಿಚಾರಕಿ ಲಲ್ಲಾ ತಾಮು ನನ್ನ ಕಿವಿಗೆ ಬಗ್ಗಿ, "ಗೊಣಗ್ಬೇಡ ಕಣೇ ಫಡ್ವಾ. ನಿನ್ನ ಬಿಸ್ಮಿಲ್ಲಾನ ಮನೇಲಿಟ್ಟು ಬಾ," ಎಂದು ಪಿಸುಗುಟ್ಟಿದಳು. ಹೆದರಿಕೆಯಲ್ಲಿ ನಾನು ಮನಸ್ಸಿನೊಳಗೂ ಅನ್ನದೆ ಸುರಿದುಬಿಟ್ಟೆ.

ಕೆಳಗೆ ಯಾರೋ ಸರ್ರನೆ ಉಸಿರೆಳೆದುಕೊಂಡರು. ಅಷ್ಟು ಹಬೆಯ ನಡುವೆ ನನ್ನ ಪಾದಗಳು ಮಾತ್ರ ತಣ್ಣಗಾದವು.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಹಿಬಾ ಮಧ್ಯಾಹ್ನ ಆಡ್ತಾ ಆಡ್ತಾ ಸುಮ್ಮನಾಗ್ಬಿಟ್ಳು. ಎಷ್ಟು ಕರೆದ್ರೂ ತುಟಿ ಬಿಚ್ತಿಲ್ಲ." ಹಿಬಾ ನನ್ನ ಐದು ವರ್ಷದ ಮಗಳು. ಅವಳ ಕೂದಲು ಒದ್ದೆಯಾಗಿತ್ತು, ನಮ್ಮ ಹೋಟೆಲಿನ ಸಾಬೂನಿನ ವಾಸನೆ ಬರುತ್ತಿತ್ತು. ಗಂಟಲಿಗೇನೂ ಆಗಿಲ್ಲ ಎಂದರು ವೈದ್ಯರು.

ಮೂರು ತಿಂಗಳಾಯಿತು, ಅವಳು ಮಾತಾಡಿಲ್ಲ. ಕೆಲಸ ಹೋದರೆ ಹೋಗಲಿ ಎಂದು ದಿನಾ ಮೋರಿಯ ಮುಂದೆ ಮಂಡಿಯೂರಿ ಗಟ್ಟಿಯಾಗಿಯೇ ಬಿಸ್ಮಿಲ್ಲಾ ಅನ್ನುತ್ತೇನೆ. ಹಾಲೆರೆದೆ, ತಪ್ಪಾಯಿತೆಂದು ಬೇಡಿಕೊಂಡೆ.

ನಿನ್ನೆ ಬಿಸ್ಮಿಲ್ಲಾ ಅಂದು ಬಿಸಿನೀರಿನ ಬಕೆಟ್ ಎತ್ತಿದಾಗ ಮೋರಿಯೊಳಗಿನಿಂದ ಹಿಬಾಳ ದನಿ ಕೇಳಿಸಿತು.

"ಅಮ್ಮಾ, ತಡಿ. ನಾನಿನ್ನೂ ಸರ್ಕೊಂಡಿಲ್ಲ."