ಸತ್ತ ಮಾಸ್ತರು ಬರೆದ ಸ್ಪ್ಯಾನಿಷ್ ಪದ

"ಮೇಡಂ, ಸತ್ತ ಮಾಸ್ತರು ಬರ್ಯಾಕತ್ತಾರ್ರಿ!"

ಮಾನ್ವಿಯಿಂದ ಮೊದಲ ಬಸ್ಸಿಗೇ ರಾಯಚೂರಿಗೆ ಬಂದಿದ್ದ ತಮನ್ನಾ, ಒಗಟು ಬಿಡಿಸುವುದರಲ್ಲಿ ಹೆಸರಾದ ದೇವಿಕಾ ಮೇಡಂ ಮನೆಯ ಹೊಸ್ತಿಲಲ್ಲೇ ನಿಂತು ಕೂಗಿದಳು. ಅವಳ ಗುರು ಅಯ್ಯಪ್ಪ ಮಾಸ್ತರು ಹಡಗಿನಲ್ಲಿ ದುಡಿದು ಸ್ಪ್ಯಾನಿಷ್ ಕಲಿತವರು. ಇಂಗ್ಲಿಷ್ ಪದಗಳಿಗೆ ಸ್ಪ್ಯಾನಿಷ್, ಕನ್ನಡ ಅರ್ಥ ಕೊಡುವ ನಿಘಂಟನ್ನು ಅರ್ಧಕ್ಕೆ ಬಿಟ್ಟು, ಹೋದ ತಿಂಗಳು ತೀರಿಕೊಂಡಿದ್ದರು. ಮುಗಿಸುವ ಕೆಲಸವನ್ನು ಇವಳ ಹೆಸರಿಗೆ ಬರೆದಿಟ್ಟಿದ್ದರು.

"ಸ್ಪ್ರಿಂಗ್ ಅನ್ನೋದಕ್ಕ ವಸಂತ ಅಂದ್ರ ಪ್ರಿಮವೇರಾ, ಲೋಹದ ಸುರುಳಿ ಅಂದ್ರ ರೆಸೋರ್ಟೆ ಅಂತ ಬರ್ದಿದ್ದೆ. ನಿನ್ನೆ ನೋಡಿದ್ರ ಮಾಸ್ತರ ಅಕ್ಷರದಾಗ ಮೂರನೇದು! ಮನಂತಿಯಾಲ್, ನೀರಿನ ಒರತಿ. ಬುಡಕ, 'ತಮನ್ನಾ, ಇದನ್ನ ಮುಟ್ಟಬ್ಯಾಡ.' ನಾ ಈ ಕೆಲಸ ಬಿಟ್ಟುಬಿಡ್ತೀನ್ರಿ."

"ತಾಯಿತ ಕಟ್ಟಸೂಣು" ಎಂದೆ, ಮೇಡಂ ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರನಾದ ನಾನು, ಪರಮಣ್ಣ. ದೇವಿಕಾ ಮೇಡಂ ನನ್ನತ್ತ ನೋಡಿದರು. ಮೂವತ್ತು ವರ್ಷ ಲೈಬ್ರರಿಯಲ್ಲಿ ಗದ್ದಲ ಅಡಗಿಸಿದ ನೋಟ ಅದು. ಮುಂದಿನ ಬಸ್ಸಿಗೇ ಮೂವರೂ ಮಾನ್ವಿಗೆ ಹೊರಟೆವು.

ಮಾನ್ವಿಯಲ್ಲಿ ಮಾಸ್ತರರ ಕೋಣೆಯ ಕಿಟಕಿಗಳು ಮುಚ್ಚಿದ್ದವು. ಕುರ್ಚಿ ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಹಿಂದಕ್ಕೆ ಸರಿದಿತ್ತು. ನೋಟ್‌ಬುಕ್ ತೆರೆದ ತಮನ್ನಾ ಚೀರಿದಳು. ನಾಲ್ಕನೆಯ ಅರ್ಥ ಬಂದಿತ್ತು: ಸಾಲ್ತೋ, ಜಿಗಿತ. ಮಸಿ ಇನ್ನೂ ಹಸಿಯಾಗಿತ್ತು. ನಾನು ಬಾಗಿಲತ್ತ ಹೆಜ್ಜೆ ಹಾಕಿದೆ, ಒಳಗೆ ನಿಲ್ಲಲು ಸುತರಾಂ ಮನಸ್ಸಿರಲಿಲ್ಲ.

ಮೇಡಂ ಪುಸ್ತಕ ಮುಚ್ಚಿ, ಕಿಟಕಿ ತೆರೆದು ಬೆಳಕಿಗೆ ಹಿಡಿದರು. ಕಪ್ಪು ರಟ್ಟಿನ ಮೇಲೆ ಬಿಳಿ ಧೂಳಿನ ಗೆರೆಗಳಿದ್ದವು.

"ರಟ್ಟು ಯಾವಾಗ ಒರಸೀದಿ?"

"ದಿನಾ ಸಂಜಿಗೆ ಒರಸೇ ಹೋಗ್ತೀನ್ರಿ. ನಿನ್ನೆನೂ ಒರಸೀನಿ."

ಕೋಣೆಯ ಕೀಲಿ ಇನ್ನಿಬ್ಬರ ಬಳಿ ಇತ್ತು. ಮೇಡಂ ಇಬ್ಬರನ್ನೂ ಕರೆಸಿದರು. ಕೋಣೆ ಖಾಲಿಯಾದರೆ ಸಾಕೆಂದಿದ್ದ ಮನೆಮಾಲೀಕ ಅನಿಲಕುಮಾರ, ಹಣೆಯಲ್ಲಿ ಕುಂಕುಮದ ಬೊಟ್ಟು ಇಟ್ಟವನು, ಗೊಣಗುತ್ತಾ ಬಂದ. ಹನ್ನೆರಡು ವರ್ಷ ಮಾಸ್ತರರ ಬರಹ ನಕಲು ಮಾಡಿದ ಹಿರಿಯ ಶಿಷ್ಯ ಶಿವರಾಜ ಹಣೆಗೆ ಮೂರೆಳೆ ವಿಭೂತಿ ಧರಿಸಿ, ಕೈಮುಗಿದು ಒಳಬಂದ.

"ದೆವ್ವಕ್ಕ ಮಸಿ ಯಾಕ ಬೇಕು?" ಮೇಡಂ ಶುರು ಮಾಡಿದರು. "ಬರ್ದದ್ದು ಮನಷ್ಯಾ. ಅಕ್ಷರ ಥೇಟ್ ಮಾಸ್ತರದ್ದು, ಅರ್ಥಾನೂ ಸರಿ ಅದಾವ. ಅನಿಲಕುಮಾರರಿಗೆ ಆ ಭಾಷಾನೂ ಬರಂಗಿಲ್ಲ, ಆ ಕೈಬರಹಾನೂ ಬರಂಗಿಲ್ಲ. ತಮನ್ನಾ ಇವತ್ತ ಮುಂಜಾನಿಂದ ನಮ್ಮ ಜೋಡಿ ಅದಾಳ. ಇನ್ನ ಈ ರಟ್ಟು ನೋಡ್ರಿ. ಹೆದರಸಾಕ ಬಂದವ ಪುಸ್ತಕ ತಗಿಯೂ ಮುಂಚೆ ರೂಢಿ ಬಿಡಲಿಲ್ಲ, ಕಣ್ಣಿಗೆ, ಹಣಿಗೆ ಒತ್ತಿಕೊಂಡಾನ. ತಾವ ಬರ್ದ ಪುಸ್ತಕಕ್ಕ ಮಾಸ್ತರು ತಾವ ನಮಸ್ಕಾರ ಮಾಡ್ತಾರೇನು? ಹಣಿ ಮ್ಯಾಲಿನ ವಿಭೂತಿ ರಟ್ಟಿಗೆ ಹತ್ತೇದ, ಶಿವರಾಜ."

ಶಿವರಾಜನ ಕೈ ತಾನಾಗಿ ಹಣೆಗೆ ಹೋಯಿತು.

"ಹನ್ನೆರಡು ವರ್ಷ್ರಿ. ಕಡೀಕ ನನ್ನ ಹೆಸರು ಬರೀಲಿಲ್ಲ ಅವರು. ಈಕಿ ಹೆದರಿ ಬಿಟ್ಟು ಹೋದ್ರ ನಾನ ಮುಗಸ್ಬೇಕಂತಿದ್ದೆ."

ಬೈಯಲೆಂದೇ ಬಾಯಿ ತೆರೆದಿದ್ದ ನಾನು ಅವನಿಗೆ ಕುರ್ಚಿ ಸರಿಸಿಕೊಟ್ಟೆ. ತಮನ್ನಾ ನೋಟ್‌ಬುಕ್ಕನ್ನೂ ಪೆನ್ನನ್ನೂ ಅವನ ಮುಂದಿಟ್ಟಳು.

"ಒರತಿ, ಜಿಗಿತ ಎರಡೂ ನನಗ ಹೊಳದಿದ್ದಿಲ್ಲ. ಅವು ಇರ್ಲಿ. ಮುಟ್ಟಬ್ಯಾಡ ಅನ್ನೋದೊಂದು ನಿಮ್ಮ ಕೈಲೆ ಹೊಡದು ಹಾಕ್ರಿ, ಅಣ್ಣಾ. ಮುಂದಿನ ಪದ ಕೂಡೇ ಬರ್ಯೂಣು."

ಶಿವರಾಜ ಪೆನ್ನು ತೆಗೆದುಕೊಂಡ. ಆದರೆ ಬರೆಯುವ ಮೊದಲು, ನಮ್ಮೆಲ್ಲರ ಎದುರಿಗೇ, ಪುಸ್ತಕವನ್ನು ಎತ್ತಿ ಕಣ್ಣಿಗೊತ್ತಿಕೊಂಡ.